ಅದು ವೇಷ ಹಾಕಿದ ಮನುಷ್ಯ ಅಲ್ಲ, ಇನ್ನೊಮ್ಮೆ ಹೇಳುತ್ತೇನೆ

ಪ್ರಶ್ನೆ: ತೆರೆ ಮೇಲಿನ ದೈತ್ಯ ಸುಳ್ಳು ಅಂತ ಗೊತ್ತಿದ್ದೂ ಮೈ ಜುಮ್ಮೆನ್ನುವುದು ಯಾಕೆ? ದುಡ್ಡು ಕೊಟ್ಟು ಹೆದರಿಸಿಕೊಳ್ಳುವುದು ಹುಚ್ಚಲ್ವಾ? ಹಳೇ ಕಿಂಗ್ ಕಾಂಗ್ ಸಿನಿಮಾದಲ್ಲಿ ಇರುವುದು ಗೊರಿಲ್ಲಾ ವೇಷದ ಮನುಷ್ಯ ತಾನೇ, ಅದಕ್ಕೂ ಹೆದರುವವರಿದ್ದಾರಲ್ಲ!

ಹುಚ್ಚಲ್ಲ. ಈ ಭಾಗಕ್ಕೆ ಉತ್ತರ ಚಿಕ್ಕದು, ಬೇಗ ಮುಗಿಸುತ್ತೇನೆ. ತಟ್ಟನೆ ಒಂದು ದೊಡ್ಡ ಬಾಯಿ ಮುಂದೆ ಬಂದರೆ ಮೈ ಮೊದಲು ಹೆದರುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ಎದೆ ಬಡಿತ ಏರಿರುತ್ತದೆ, ಅಂಗೈ ಬೆವರಿರುತ್ತದೆ, ಅಷ್ಟರಲ್ಲಿ ಬುದ್ಧಿ ಬಂದು 'ಕುರ್ಚಿ ಮೇಲೆ ಕೂತಿದ್ದೀಯಪ್ಪಾ, ಏನೂ ಆಗಿಲ್ಲ' ಅನ್ನುತ್ತದೆ. ಆದರೆ ಏರಿದ ಬಡಿತ ಅಷ್ಟು ಬೇಗ ಇಳಿಯುವುದಿಲ್ಲ. ಅಪಾಯ ಹೋಗಿ ಹುರುಪು ಮಾತ್ರ ಉಳಿಯುತ್ತದೆ, ಕಿರುಚಿದ ಬೆನ್ನಿಗೇ ನಗು ಬರುವುದು ಅದಕ್ಕೇ. ಮಗುವನ್ನು ಮೇಲಕ್ಕೆಸೆದು ಹಿಡಿದರೆ ಕಿಲಕಿಲ ನಗುತ್ತದಲ್ಲ, ಅದೇ ಲೆಕ್ಕ. ಹಿಡಿಯುವ ಕೈ ಪರಿಚಯದ್ದಾಗಿರಬೇಕು, ಅಷ್ಟೇ. ಇಂಥ ಸಿನಿಮಾ ಕೆಲವರಿಗೆ ಹಿಡಿಸುವುದೇ ಇಲ್ಲ. ಅದೂ ತಪ್ಪಲ್ಲ, ಅವರನ್ನು ಎಳೆದುಕೊಂಡು ಹೋಗಬೇಡಿ.

ಈಗ ಆ ಗೊರಿಲ್ಲಾ ವೇಷದ ಮಾತಿಗೆ ಬರೋಣ. ಎಷ್ಟು ಸಲ ಹೇಳಿದರೂ ಇದು ಮತ್ತೆ ಮತ್ತೆ ಎದ್ದು ಬರುತ್ತದೆ, ಅದೂ 'ಎಲ್ಲರಿಗೂ ಗೊತ್ತಿರುವ ವಿಷಯ' ಅನ್ನುವ ಧಾಟಿಯಲ್ಲಿ. 1933ರ ಕಿಂಗ್ ಕಾಂಗ್‌ನಲ್ಲಿ ವೇಷ ಹಾಕಿದ ಮನುಷ್ಯ ಇಲ್ಲ. ನಾನೇ ಒಳಗಿದ್ದೆ ಅಂತ ಹೇಳಿಕೊಂಡವರೂ ಇದ್ದಾರೆ, ಹೇಳಿಕೊಳ್ಳಲಿ. ಕಾಂಗ್ ಒಂದು ಗೊಂಬೆ. ಕಥೆಯ ದ್ವೀಪದ ದೃಶ್ಯಗಳಿಗೆ ಬಳಸಿದ ಗೊಂಬೆಯ ಎತ್ತರ ಸುಮಾರು 18 ಇಂಚು, ಅಂದರೆ ನಿಮ್ಮ ಮೊಣಕಾಲೂ ಮುಟ್ಟದು. ಒಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ, ಮೇಲೆ ರಬ್ಬರು, ಅದರ ಮೇಲೆ ಕೂದಲಿರುವ ಮೊಲದ ಚರ್ಮ. ಗೊಂಬೆ ಕಟ್ಟಿದವರು ಮಾರ್ಸೆಲ್ ಡೆಲ್ಗಾಡೊ, ಅದಕ್ಕೆ ಜೀವ ಬರಿಸಿದವರು ವಿಲ್ಲಿಸ್ ಒಬ್ರಿಯನ್ ಮತ್ತು ಅವರ ತಂಡ. ಗೊಂಬೆಯ ಕೈಯನ್ನು ಒಂಚೂರು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಒಂಚೂರು ಸರಿಸುವುದು. ಇದೇ ಸ್ಟಾಪ್ ಮೋಷನ್. ಸೆಕೆಂಡಿಗೆ 24 ಚಿತ್ರ ಅಂದರೆ ಒಂದು ನಿಮಿಷಕ್ಕೆ 1,440. ಲೆಕ್ಕ ಹಾಕುವಾಗಲೇ ನನಗೆ ಬೆನ್ನು ನೋವು ಬರುತ್ತದೆ.

ಸಾಕ್ಷಿ ಬೇಕಾ? ಸಿನಿಮಾದಲ್ಲೇ ಇದೆ. ಕಾಂಗ್ ಸುಮ್ನೆ ನಿಂತಿರುವಾಗ ಅದರ ಮೈಕೂದಲು ನೋಡಿ, ಗಾಳಿ ಇಲ್ಲದಿದ್ದರೂ ಗುಳುಗುಳು ಅಲುಗುತ್ತಿರುತ್ತದೆ. ಪ್ರತಿ ಚಿತ್ರಕ್ಕೂ ಯಾರದೋ ಬೆರಳು ಗೊಂಬೆಯನ್ನು ಮುಟ್ಟಿದೆ, ಮುಟ್ಟಿದಲ್ಲೆಲ್ಲ ಕೂದಲು ಬೇರೆ ದಿಕ್ಕಿಗೆ ತಿರುಗಿದೆ. ವೇಷ ಹಾಕಿದ ಮನುಷ್ಯನ ಕೂದಲು ಹಾಗೆ ಅಲುಗಲು ಸಾಧ್ಯವೇ ಇಲ್ಲ. ನಾನು ಇದನ್ನು ಯಾರಿಗಾದರೂ ತೋರಿಸಿದ ಮೇಲೆ ಅವರು ಕಥೆ ಬಿಟ್ಟು ಬರೀ ಕೂದಲನ್ನೇ ನೋಡತೊಡಗುತ್ತಾರೆ, ಆ ಪಾಪ ನನ್ನದೇ.

ಹಾಗಾದರೆ ಈ ಸುಳ್ಳು ಎಲ್ಲಿಂದ ಬಂತು? ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹತ್ತಿರದ ದೃಶ್ಯಗಳಿಗಾಗಿ ದೊಡ್ಡದೊಂದು ತಲೆ-ಎದೆ ಕಟ್ಟಿದ್ದರು, ಅದರೊಳಗೆ ಜನ ಕೂತು ಕಣ್ಣು ಬಾಯಿ ಆಡಿಸುತ್ತಿದ್ದರು. ನಾಯಕಿಯನ್ನು ಹಿಡಿಯುವ ದೊಡ್ಡ ಕೈಯೂ ಬೇರೆಯಾಗಿ ಇತ್ತು. ಆಮೇಲೆ 1962ರಲ್ಲಿ ಜಪಾನಿನಲ್ಲಿ ಬಂದ ಕಾಂಗ್ ನಿಜಕ್ಕೂ ವೇಷವೇ. 1976ರ ಅಮೆರಿಕದ ಕಾಂಗ್ ಕೂಡ ಬಹುಪಾಲು ವೇಷವೇ. ಇವೆಲ್ಲ ನೆನಪಿನಲ್ಲಿ ಕಲಸಿಹೋಗಿ ಎಲ್ಲದರ ತಪ್ಪೂ ಪಾಪ ಆ ಮೊದಲನೆಯ ಗೊಂಬೆಯ ತಲೆಗೆ ಬಂದಿದೆ.

ತಮಾಷೆ ಏನೆಂದರೆ, ವೇಷ ಅಂದರೆ ಕೀಳು ಕೆಲಸ ಅನ್ನುವುದೂ ಸುಳ್ಳೇ. 1954ರ ಜಪಾನಿನ ದೈತ್ಯ ಪ್ರಾಣಿಯ ಸಿನಿಮಾ ಗಾಡ್ಜಿಲ್ಲಾ ಬಹುಪಾಲು ವೇಷದ ಮೇಲೆ ನಿಂತದ್ದು. ಮೊದಲು ಮಾಡಿಸಿದ ವೇಷ ಸುಮಾರು 100 ಕೆಜಿ ತೂಗುತ್ತಿತ್ತು. ಅಂಥದ್ದರೊಳಗೆ ಹೊಕ್ಕು ಆಟಿಕೆಯಂಥ ಊರನ್ನು ತುಳಿದವರಲ್ಲಿ ಮುಖ್ಯರು ಹಾರುವೊ ನಕಾಜಿಮಾ. ಕ್ಯಾಮೆರಾವನ್ನು ಜಾಸ್ತಿ ವೇಗದಲ್ಲಿ ಓಡಿಸಿ ಚಿತ್ರ ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದ್ದರಿಂದ ತೆರೆ ಮೇಲೆ ನಡಿಗೆ ನಿಧಾನವಾಗಿ ಭಾರ ಕಾಣುತ್ತದೆ. ಇನ್ನು ಆ ಗರ್ಜನೆ? ಸಂಗೀತ ಮಾಡಿದ ಅಕಿರಾ ಇಫುಕುಬೆ, ಡಬಲ್ ಬಾಸ್ ಅನ್ನುವ ಪಿಟೀಲಿನಂಥ ಭಾರೀ ವಾದ್ಯದ ತಂತಿಯನ್ನು ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿಸಿ ಅದನ್ನು ಹುಟ್ಟಿಸಿದರು.

ಇದೆಲ್ಲ ಗೊತ್ತಾದರೆ ಭಯ ಹೋಗುವುದಿಲ್ವಾ ಅಂತೀರಿ. ಹೋದರೆ ಹೋಗಲಿ, ಅದರ ಜಾಗಕ್ಕೆ 'ನಾನೂ ಒಂದು ಮಾಡಬೇಕು' ಅನ್ನುವ ಆಸೆ ಬರುತ್ತದೆ. ಮುಂದೆ ಸ್ಟಾಪ್ ಮೋಷನ್‌ಗೆ ಹೆಸರಾದ ರೇ ಹ್ಯಾರಿಹೌಸನ್ 13ನೇ ವಯಸ್ಸಿನಲ್ಲಿ ಕಾಂಗ್ ನೋಡಿ ಮನೆಯಲ್ಲೇ ಗೊಂಬೆ ಮಾಡಲು ಕೂತರು, ಗುಹೆಯ ಕರಡಿಯೊಂದಕ್ಕೆ ಅಮ್ಮನ ಹಳೇ ತುಪ್ಪಳದ ಕೋಟು ಕತ್ತರಿಸಿದರು, ಮುಂದೆ ಅದೇ ಒಬ್ರಿಯನ್ ಜೊತೆ ಕೆಲಸವನ್ನೂ ಮಾಡಿದರು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹತ್ತಾರು ಜನ ಸೇರಿ ದೈತ್ಯನನ್ನು ಮಾಡಬೇಕೆಂದರೆ ಮಡಚಿದ ಕಾಗದದ ಆಟದಿಂದ ಶುರು ಮಾಡಿ. ಇದನ್ನು 1925ರ ಸುಮಾರಿಗೆ ಪ್ಯಾರಿಸಿನ ಸರ್ರಿಯಲಿಸ್ಟ್ ಕಲಾವಿದರು, ಅಂದರೆ ಕನಸಿನಂಥ ವಿಚಿತ್ರ ಚಿತ್ರಗಳನ್ನು ಬರೆಯುತ್ತಿದ್ದವರು, ಆಡುತ್ತಿದ್ದರು. ಒಬ್ಬರು ತಲೆ ಬರೆದು ಮಡಚುವುದು, ಇನ್ನೊಬ್ಬರು ತಲೆ ನೋಡದೆ ಹೊಟ್ಟೆ ಬರೆಯುವುದು, ಮತ್ತೊಬ್ಬರು ಕಾಲು. ಕುತ್ತಿಗೆಯ ಎರಡು ಗೆರೆ ಮಾತ್ರ ಮಡಿಕೆಯಿಂದ ಒಂಚೂರು ಕೆಳಗೆ ಇಳಿದಿರಬೇಕು, ಇಲ್ಲದಿದ್ದರೆ ಎಲ್ಲಿ ಅಂಟಿಸಿಕೊಳ್ಳುವುದು? ಗೋಡೆ ಮೇಲೆ ದೊಡ್ಡದಾಗಿ ಮಾಡುವಾಗಲೂ ಅಷ್ಟೇ, ತುಂಡು ತುಂಡು ಹಂಚಿ, ಸೇರುವ ಗೆರೆಗಳನ್ನು ಮೊದಲೇ ಗುರುತು ಹಾಕಿ. ಗುಂಪಿನಲ್ಲಿ ಚೆನ್ನಾಗಿ ಚಿತ್ರ ಬರೆಯುವವರು ಒಬ್ಬರಾದರೂ ಇರುತ್ತಾರೆ, ಅವರು ಕೊನೆಗೆ ಬಂದು ಎಲ್ಲರ ಗೆರೆ ತಿದ್ದಲು ನಿಲ್ಲುತ್ತಾರೆ. ಅವರ ಕೈಗೆ ಬ್ರಷ್ ಕೊಡಬೇಡಿ. ಬಣ್ಣದ ಡಬ್ಬಿ ಹಿಡಿದುಕೊಳ್ಳಲು ಹೇಳಿ.