ನಿಲುಗಾಲುವೆ: ಎಲ್ಲಿಗೂ ಹೋಗದ ನೀರಿನ ದಾರಿ

ಕನ್ನಡದ ಮಟ್ಟಿಗೆ ಕಾಲುವೆ ಎಂದರೆ ಎಲ್ಲಿಂದಲೋ ಎಲ್ಲಿಗೋ ಹರಿಯುವಂಥದ್ದು. ಕೆರೆಯ ತೂಬಿನಿಂದ ಗದ್ದೆಗೆ, ಅಣೆಕಟ್ಟಿನಿಂದ ಬಯಲಿಗೆ. ಮಂಡ್ಯದ ಕಡೆ "ನಾಲೆಗೆ ನೀರು ಬಿಟ್ರಂತೆ" ಎಂಬ ಮಾತು ಕಿವಿಗೆ ಬಿದ್ದರೆ ಊರಿಗೆ ಊರೇ ನಾಟಿಯ ಲೆಕ್ಕ ಹಾಕುತ್ತದೆ. ಕಾಲುವೆಯಲ್ಲಿ ನೀರು ನಿಂತಿದೆ ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಹೂಳು ತುಂಬಿರಬೇಕು, ಇಲ್ಲವೇ ಮೇಲಿನವರು ಅಡ್ಡ ಕಟ್ಟಿರಬೇಕು.

ಯುರೋಪಿನ ಉದ್ಯಾನಗಳ ಚರಿತ್ರೆಯಲ್ಲಿ ಪದೇ ಪದೇ ಬರುವ 'ಆರ್ನಮೆಂಟಲ್ ಕೆನಾಲ್' ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಯಾವ ಗದ್ದೆಗೂ ನೀರುಣಿಸುವುದಿಲ್ಲ, ಯಾವ ಊರಿಗೂ ಸರಕು ಹೊರುವುದಿಲ್ಲ. ದಾರ ಹಿಡಿದು ಗೆರೆ ಹಾಕಿದ ಹಾಗೆ ನೇರವಾಗಿ ತೋಡಿ, ಅಂಚು ಕಟ್ಟಿ, ನೀರು ತುಂಬಿ ನಿಲ್ಲಿಸಿದ ಉದ್ದನೆಯ ಜಲರಾಶಿ ಅದು. ಉದ್ದವು ಅಗಲದ ಹತ್ತಾರು ಪಟ್ಟು. ಒಂದು ಕಡೆಯಿಂದ ತುಸು ನೀರು ಬಂದು ಇನ್ನೊಂದು ಕಡೆಯಿಂದ ತುಸು ಹೋಗುತ್ತಿರುತ್ತದೆ, ಆದರೆ ಕಣ್ಣಿಗೆ ಅದು ನಿಂತ ನೀರೇ. ನಮ್ಮ ಕಲ್ಯಾಣಿ, ಪುಷ್ಕರಣಿಗಳೂ ನಿಂತ ನೀರೇ ಅಲ್ಲವೇ ಎಂದು ಕೇಳಬಹುದು. ಕಲ್ಯಾಣಿಗೆ ಮೆಟ್ಟಿಲುಗಳಿವೆ. ಮೀಯಲಿಕ್ಕೆ, ಕೊಡ ತುಂಬಲಿಕ್ಕೆ, ದೇವರ ತೆಪ್ಪಕ್ಕೆ ಜನ ನೀರಿನವರೆಗೆ ಇಳಿಯಲೆಂದೇ ಅದನ್ನು ಕಟ್ಟಿರುತ್ತಾರೆ. ಈ ಕಾಲುವೆಯಲ್ಲಿ ಕಾಲಿಗೆ ಹೆಚ್ಚು ಕೆಲಸವಿಲ್ಲ. ಇಳಿಯಬೇಕಾದದ್ದು ಕಣ್ಣು.

'ಅಲಂಕಾರಿಕ ಕಾಲುವೆ' ಎಂದು ಅನುವಾದಿಸುವುದು ರೂಢಿ. ನನಗದು ಒಗ್ಗಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಆಳೆತ್ತರದ ಕನ್ನಡಿಗೆ ನಮ್ಮಲ್ಲಿ ನಿಲುಗನ್ನಡಿ ಎಂಬ ಚೆಂದದ ಮಾತಿದೆ. ಅದೇ ಜಾಡಿನಲ್ಲಿ ಇದನ್ನು ನಿಲುಗಾಲುವೆ ಎನ್ನೋಣ. ನೀರು ನಿಲ್ಲುತ್ತದೆ ಎಂಬುದೂ ಅದು ಕನ್ನಡಿಯ ಕೆಲಸ ಮಾಡುತ್ತದೆ ಎಂಬುದೂ ಒಂದೇ ಮಾತಿನಲ್ಲಿ ಬಂದುಬಿಡುತ್ತವೆ.

ಮೂಲದ ಪದವೂ ಸ್ವಾರಸ್ಯವಾಗಿದೆ. ಲ್ಯಾಟಿನ್ನಿನಲ್ಲಿ 'ಕನ್ನ' ಎಂದರೆ ಜೊಂಡು, ಟೊಳ್ಳು ದಂಟು. ಅದರಿಂದ ಕೊಳವೆ ಎಂಬ ಅರ್ಥದ 'ಕನಾಲಿಸ್', ಅದರಿಂದ ಕೆನಾಲ್ ಮತ್ತು ಚಾನೆಲ್ ಎರಡೂ ಹುಟ್ಟಿದವು. ನಮ್ಮ ನಾಲೆಗೂ ಸಂಸ್ಕೃತದ 'ನಾಳ'ಕ್ಕೂ ನಂಟಿದೆ. ತಾವರೆಯ ನಾಳ ಎನ್ನುವಾಗಿನ ಅದೇ ಟೊಳ್ಳು ದಂಟು. ಎರಡು ದೂರದ ನಾಡುಗಳ ಜನ ನೀರಿನ ದಾರಿಗೆ ಹೆಸರು ಹುಡುಕುತ್ತ ಕೊಳದ ಅಂಚಿನ ಗಿಡದ ದಂಟನ್ನೇ ಹಿಡಿದರು ಎನ್ನುವುದು ನನಗೆ ತುಂಬ ಇಷ್ಟದ ಸಂಗತಿ.

ತೋಟದಲ್ಲಿ ನೇರ ಕಾಲುವೆ ತೋಡುವ ಆಸೆ ಹಳೆಯದು. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಪರ್ಷಿಯಾದ ದೊರೆ ಸೈರಸ್‌ನ ಪಸಾರ್ಗಾಡೆ ಉದ್ಯಾನದಲ್ಲಿ ಕಲ್ಲಿನ ಕಿರುಗಾಲುವೆಗಳಿದ್ದವು. ರೋಮನ್ನರು ತೋಟದ ಕಾಲುವೆಯನ್ನು ಗ್ರೀಸಿನ ಒಂದು ಜಲಸಂಧಿಯ ಹೆಸರಿನಿಂದ 'ಯುರಿಪಸ್' ಎಂದು ಕರೆದರು. ಕೆಲವರು ಇನ್ನೂ ಮುಂದೆ ಹೋಗಿ ತಮ್ಮ ತೋಟದ ನೀರನ್ನು 'ನೈಲ್' ಎನ್ನುತ್ತಿದ್ದರು. ರೋಮಿನ ವಾಗ್ಮಿ ಸಿಸೆರೊನ ಬರಹವೊಂದರಲ್ಲಿ ಇಂಥವರನ್ನು ಗೇಲಿ ಮಾಡುವ ಮಾತಿದೆ. ವೆಸೂವಿಯಸ್ ಬೂದಿಯಡಿ ಹೂತುಹೋದ ಪೊಂಪೇಯ ಒಂದು ಮನೆಯ ತೋಟದಲ್ಲಿ ಅಂಥ ಯುರಿಪಸ್ ಇಂದಿಗೂ ನೋಡಸಿಗುತ್ತದೆ. ಆದರೂ ನಿಲುಗಾಲುವೆ ತನ್ನ ಪೂರ್ಣ ಎತ್ತರಕ್ಕೆ ಬೆಳೆದದ್ದು 17ನೇ ಶತಮಾನದ ಫ್ರಾನ್ಸಿನಲ್ಲಿ. ಅಲ್ಲಿಗೇ ಹೋಗೋಣ.

1606ರಿಂದ 1609ರ ನಡುವೆ ದೊರೆ 4ನೇ ಹೆನ್ರಿ ಫೋಂತೇನ್‌ಬ್ಲೋ ಅರಮನೆಯ ಉದ್ಯಾನದಲ್ಲಿ ಸುಮಾರು 1,200 ಮೀಟರ್ ಉದ್ದದ ಕಾಲುವೆ ತೋಡಿಸಿದ. ಅದು ದೊಡ್ಡದೇ. ಆದರೆ ನಿಂತ ನೀರಿನಿಂದ ನೋಡುವವರ ಕಣ್ಣನ್ನು ಹೇಗೆ ಆಡಿಸಬಹುದು ಎಂದು ತೋರಿಸಿಕೊಟ್ಟವನು ಆಂದ್ರೆ ಲ ನೋತ್ರ್. ತೋಟಗಾರರ ಮನೆಯಲ್ಲೇ ಹುಟ್ಟಿ ಬೆಳೆದವನು. ಹಣಕಾಸು ಮಂತ್ರಿ ನಿಕೋಲಾ ಫೂಕೆಗಾಗಿ 1656ರಿಂದ 1661ರ ತನಕ ಅವನು ರೂಪಿಸಿದ ವೋ-ಲ-ವಿಕೋಂತ್ ಉದ್ಯಾನವನ್ನು ಅರ್ಥಮಾಡಿಕೊಂಡರೆ ಈ ಪದದ ಮುಕ್ಕಾಲು ಪಾಲು ಅರ್ಥವಾದಂತೆ.

ಅರಮನೆಯ ಜಗಲಿಯಲ್ಲಿ ನಿಂತರೆ ಮುಂದೆ ಹಾಸಿದ ಹಾಗೆ ಉದ್ಯಾನ. ಹೂವಿನ ಮಡಿಗಳು, ಒಂದರ ನಂತರ ಒಂದು ಕೊಳ, ಕೊನೆಗೆ ಕಲ್ಲಿನ ಗೂಡುಗಳಿರುವ ಗೋಡೆ, ಅದರ ಹಿಂದೆ ಹುಲ್ಲಿನ ಏರು. ಎಲ್ಲ ಒಂದೇ ನೇರದಲ್ಲಿದೆ, ಹತ್ತು ನಿಮಿಷದಲ್ಲಿ ನಡೆದು ತಲುಪಬಹುದು ಅನಿಸುತ್ತದೆ. ಕೆಳಗಿಳಿದು ನಡೆಯುತ್ತೀರಿ. ಕೊನೆಯ ಚೌಕದ ಕೊಳವನ್ನು ದಾಟುವ ಹೊತ್ತಿಗೆ ನೆಲ ತಟ್ಟನೆ ಕುಸಿಯುತ್ತದೆ. ಕೆಳಗೆ, ಎಡದಿಂದ ಬಲಕ್ಕೆ, ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದದ ಕಾಲುವೆ ಅಡ್ಡಲಾಗಿ ಮಲಗಿದೆ. ಜಗಲಿಯಿಂದ ಅದರ ಒಂದು ಹನಿಯೂ ಕಂಡಿರಲಿಲ್ಲ. ಕೈಗೆಟುಕುವಂತಿದ್ದ ಗೂಡುಗಳು ಈಗ ಆಚೆ ದಡದಲ್ಲಿವೆ. ಸೇತುವೆಯಿಲ್ಲ. ಕಾಲುವೆಯ ತುದಿಯವರೆಗೆ ನಡೆದು ಸುತ್ತಿ ಬರಬೇಕು.

ಈ ಕಣ್ಕಟ್ಟಿನ ಗುಟ್ಟು ನೆಲದ ಇಳಿಜಾರಿನಲ್ಲಿದೆ. ಉದ್ಯಾನ ಜಗಲಿಯಿಂದ ಮೆಲ್ಲಗೆ ಇಳಿಯುತ್ತ ಹೋಗಿ, ಕೊನೆಯ ಮೆಟ್ಟಿನ ಮರೆಯಲ್ಲಿ ಕಾಲುವೆಯನ್ನು ಬಚ್ಚಿಡುತ್ತದೆ. ಜೊತೆಗೆ ಇನ್ನೊಂದು ಲೆಕ್ಕ: ನೆಲದ ಮೇಲೆ ಹಾಸಿದ ಚೌಕ ದೂರದಿಂದ ಪಟ್ಟಿಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಅದಕ್ಕೆ ಲ ನೋತ್ರ್ ದೂರ ಹೋದಷ್ಟೂ ಕೊಳಗಳನ್ನು ದೊಡ್ಡದು ಮಾಡಿದ. ಕಣ್ಣು ಅವೆಲ್ಲ ಒಂದೇ ಅಳತೆಯವು ಎಂದು ನಂಬಿ ದೂರವನ್ನು ಕಡಿಮೆ ಅಂದಾಜು ಮಾಡುತ್ತದೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಆ ಕಾಲುವೆ ಅಲ್ಲಿ ಯಾಕಿದೆ? ಆಂಕೈ ಎಂಬ ಸಣ್ಣ ಹೊಳೆ ಆ ಜಾಗದಲ್ಲಿ ಅಡ್ಡಲಾಗಿ ಹರಿಯುತ್ತಿತ್ತು. ತೋಟದ ಅತಿ ತಗ್ಗಿನ ಜಾಗ ಅದು, ನೀರು ತಾನಾಗಿ ಸೇರುವ ಜಾಗ. ಲ ನೋತ್ರ್ ಹೊಳೆಯನ್ನು ಓಡಿಸಲಿಲ್ಲ, ನೇರ ಮಾಡಿ ನಿಲ್ಲಿಸಿದ. ಕಾಲುವೆಯ ಒಂದು ತುದಿ ದುಂಡಗೆ ಅಗಲವಾಗಿದೆ. ಅದನ್ನು ಫ್ರೆಂಚರು 'ಬಾಣಲೆ' ಎಂಬರ್ಥದ ಪದದಿಂದಲೇ ಕರೆಯುತ್ತಾರೆ. ಉದ್ದನೆಯ ಕಾಲುವೆ ಅದರ ಹಿಡಿಯಂತೆ.

1661ರ ಆಗಸ್ಟ್ 17ರಂದು ಫೂಕೆ ಇಲ್ಲಿ ದೊರೆ 14ನೇ ಲೂಯಿಗೆ ಔತಣ ಕೊಟ್ಟ. ಮುಂದಿನ ತಿಂಗಳೇ ಅವನ ಬಂಧನವಾಯಿತು. ದೊರೆ ಲ ನೋತ್ರ್‌ನನ್ನು ವರ್ಸೇಲ್ಸ್‌ನ ಕೆಲಸಕ್ಕೆ ಹಚ್ಚಿದ.

ವರ್ಸೇಲ್ಸ್‌ನಲ್ಲಿ ಅರಮನೆಯ ಹಿಂದಿನ ತಗ್ಗು ಜೌಗು ನೆಲ. ಅಲ್ಲಿ 1668ರಲ್ಲಿ ಅಗೆತ ಶುರುವಾಗಿ ಹನ್ನೊಂದು ವರ್ಷ ನಡೆಯಿತು. ಸಿದ್ಧವಾದ ಮಹಾಕಾಲುವೆ 1,670 ಮೀಟರ್ ಉದ್ದ, 62 ಮೀಟರ್ ಅಗಲ, ನಡುವೆ ಸುಮಾರು ಒಂದು ಕಿಲೋಮೀಟರ್ ಉದ್ದದ ಅಡ್ಡತೋಳು. ವೋ-ಲ-ವಿಕೋಂತ್‌ನದು ಅಡ್ಡಗಾಲುವೆಯಾದರೆ ಇದರ ಮುಖ್ಯ ಭಾಗ ಉದ್ದಗಾಲುವೆ: ಅರಮನೆಯ ನಡುವಿನಿಂದ ಹೊರಟ ನೋಟವನ್ನು ಹಿಡಿದು ಪಡುವಣ ದಿಗಂತದವರೆಗೆ ಒಯ್ಯುತ್ತದೆ. ಸಂಜೆಯ ಬೆಳಕು ನೀರಿನುದ್ದಕ್ಕೂ ಬಿದ್ದಾಗ ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ತನ್ನನ್ನು ಸೂರ್ಯನಿಗೆ ಹೋಲಿಸಿಕೊಂಡ ದೊರೆಗೆ ಇದಕ್ಕಿಂತ ಬೇರೆ ಏನು ಬೇಕಿತ್ತು? ಕಾಲುವೆಯಲ್ಲಿ ವಿಹಾರದ ಹಡಗುಗಳಿದ್ದವು. 1674ರಲ್ಲಿ ವೆನಿಸ್ ಗಣರಾಜ್ಯ ಗೊಂಡೋಲಾ ದೋಣಿಗಳನ್ನು ಕಳಿಸಿತು. ಅಂಬಿಗರು ಉಳಿದುಕೊಂಡ ಮನೆಗಳಿಗೆ 'ಪುಟ್ಟ ವೆನಿಸ್' ಎಂಬ ಹೆಸರು ಬಿತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಜನ ಅದರ ಮೇಲೆ ಜಾರಾಡುತ್ತಿದ್ದರು.

'ಅಲಂಕಾರಿಕ' ಎಂಬ ಮಾತು ಸಾಲದು ಎಂದು ನನಗನಿಸುವುದು ಇಲ್ಲೇ. ವರ್ಸೇಲ್ಸ್‌ನ ದೊಡ್ಡ ಕೊರತೆ ನೀರು. ಕಾರಂಜಿಗಳು ಎಷ್ಟಿದ್ದವೆಂದರೆ ಎಲ್ಲವನ್ನೂ ಒಟ್ಟಿಗೆ ಬಹಳ ಹೊತ್ತು ಚಿಮ್ಮಿಸಲು ಆಗುತ್ತಿರಲಿಲ್ಲ. ದೊರೆ ನಡೆದು ಬರುವಾಗ ಕಾರಂಜಿಯಾಳುಗಳು ಒಬ್ಬರಿಗೊಬ್ಬರು ಸೀಟಿ ಊದಿ ತಿಳಿಸಿ, ಅವನು ಹತ್ತಿರವಾದಾಗ ತೆರೆದು, ದಾಟಿದ ಮೇಲೆ ಮುಚ್ಚುತ್ತಿದ್ದರು. ಲುವಾರ್ ನದಿಯನ್ನೇ ತಿರುಗಿಸಿ ತರೋಣ ಎಂಬ ಮಾತು ಬಂದಾಗ ಖಗೋಳಜ್ಞ ಝಾನ್ ಪಿಕಾರ್ ದೂರದರ್ಶಕ ಜೋಡಿಸಿದ ಮಟ್ಟದ ಉಪಕರಣದಿಂದ ನೆಲ ಅಳೆದು, ಅದು ಸಾಧ್ಯವಿಲ್ಲ ಎಂದು ತೋರಿಸಿಕೊಟ್ಟ. 1684ರಲ್ಲಿ ಮಾರ್ಲಿ ಎಂಬಲ್ಲಿ 14 ದೊಡ್ಡ ಚಕ್ರಗಳ ಯಂತ್ರ ನಿಲ್ಲಿಸಿ ಸೇನ್ ನದಿಯ ನೀರನ್ನು ಗುಡ್ಡಕ್ಕೆ ಎತ್ತಿದರು. ಸಾಲದೆ 1685ರಲ್ಲಿ ಯೂರ್ ನದಿಯ ನೀರು ತರಲು ಸಾವಿರಾರು ಸೈನಿಕರನ್ನು ಅಗೆತಕ್ಕೆ ಇಳಿಸಿದರು. ರೋಗದಿಂದ ಎಷ್ಟೋ ಮಂದಿ ಸತ್ತರು. 1688ರಲ್ಲಿ ಯುದ್ಧ ಬಂದು ಕೆಲಸ ನಿಂತಿತು. ಮೇಂತನೋನ್‌ನಲ್ಲಿ ಮೇಲ್ಗಾಲುವೆಯ ಕಮಾನುಗಳು ಅರ್ಧಕ್ಕೇ ನಿಂತುಕೊಂಡಿವೆ.

ಇಷ್ಟೆಲ್ಲ ಪಾಡು ಚಿಮ್ಮುವ ನೀರಿಗೆ. ಮಹಾಕಾಲುವೆಗೆ ಒತ್ತಡ ಬೇಡ, ಎತ್ತರ ಬೇಡ. ಅದು ಎಲ್ಲಕ್ಕಿಂತ ಕೆಳಗಿದ್ದು, ಜೌಗಿನ ಬಸಿಯನ್ನೂ ಕಾರಂಜಿಗಳಿಂದ ಇಳಿದ ನೀರನ್ನೂ ತುಂಬಿಸಿಕೊಂಡಿತು. ಗಾಳಿಯಂತ್ರಗಳು ಆ ನೀರಿನಲ್ಲಿ ಒಂದಷ್ಟನ್ನು ಮತ್ತೆ ಮೇಲಿನ ಕೆರೆಗೆ ಎತ್ತುತ್ತಿದ್ದವು. ಬಸಿಗಾಲುವೆ, ಕೆರೆ, ಕನ್ನಡಿ, ಮೂರೂ ಅದೇ. ಒಡವೆ ಮೈಮೇಲೆ ಹೇರಿಕೊಳ್ಳುವಂಥದ್ದು. ತೆಗೆದಿಟ್ಟರೂ ಮೈ ಇರುತ್ತದೆ. ನಿಲುಗಾಲುವೆಯನ್ನು ಮುಚ್ಚಿದರೆ ಉದ್ಯಾನದ ನೆಲವೇ ಕೆಸರಾಗುತ್ತದೆ. ಅಲಂಕಾರ ಎಂಬ ಮಾತು ಈ ದುಡಿಮೆಯನ್ನು ಮರೆಸುತ್ತದೆ ಎಂಬುದೇ ನನ್ನ ತಕರಾರು.

ನೀರು ಒಂದು ಕೆಲಸವನ್ನು ಕಲ್ಲು, ಹುಲ್ಲು, ಮರ ಯಾವುದೂ ಮಾಡಲಾರದಷ್ಟು ಚೆನ್ನಾಗಿ ಮಾಡುತ್ತದೆ: ಮಟ್ಟ ತೋರಿಸುತ್ತದೆ. ಗಾರೆಯವರು ರಸಮಟ್ಟವಿಲ್ಲದ ಕಡೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗೋಡೆಗಳ ಮಟ್ಟ ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ನಿಲುಗಾಲುವೆ ಅಂಥದ್ದೇ ಒಂದು ಮಟ್ಟಗೋಲು, ಕಿಲೋಮೀಟರ್ ಉದ್ದದ್ದು. ಅಂಚಿನ ಕಲ್ಲು ಒಂದು ಕಡೆ ನಾಲ್ಕು ಬೆರಳು ಏರಿದರೂ ನೀರಿನ ಗೆರೆ ಅದನ್ನು ಹೊರಗೆಡಹುತ್ತದೆ.

ಈ ಬಗೆ ಬೇಗ ಹರಡಿತು. ಫ್ರಾನ್ಸಿನದೇ ಆದ ಶಾಂತಿಯಿಯಲ್ಲಿ ಲ ನೋತ್ರ್ ನೋನೆತ್ ಹೊಳೆಯನ್ನು ತಿರುಗಿಸಿ ವರ್ಸೇಲ್ಸ್‌ಗಿಂತ ಉದ್ದವಾದ, ಸುಮಾರು ಎರಡೂವರೆ ಕಿಲೋಮೀಟರಿನ ಕಾಲುವೆ ಮಾಡಿದ. 1660ರಲ್ಲಿ ದೇಶಾಂತರ ಮುಗಿಸಿ ಇಂಗ್ಲೆಂಡಿಗೆ ಮರಳಿದ ದೊರೆ 2ನೇ ಚಾರ್ಲ್ಸ್ ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿನಲ್ಲೂ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲೂ ಇಂಥ ಕಾಲುವೆ ತೋಡಿಸಿದ. ಡಚ್ಚರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ತಗ್ಗು ನಾಡಿನಲ್ಲಿ ತೋಟ ಮಾಡಬೇಕೆಂದರೆ ಮೊದಲು ಸುತ್ತ ಕಾಲುವೆ ತೋಡಬೇಕು. ಬಂದ ಮಣ್ಣಿನಿಂದ ನೆಲ ಎತ್ತರಿಸಬೇಕು. ರಷ್ಯಾದ ಪೀಟರ್‌ಹೋಫ್‌ನ ಸಮುದ್ರ ಕಾಲುವೆ ಮಾತ್ರ ಗುಂಪಿಗೆ ಸೇರದ್ದು. ಅರಮನೆಯ ಕಾರಂಜಿಗಳ ನೀರನ್ನು ಕಡಲಿಗೆ ಒಯ್ದು, ಕಡಲಿನಿಂದ ಬಂದವರ ದೋಣಿಗಳನ್ನು ಅರಮನೆಯ ಬುಡಕ್ಕೆ ತರುತ್ತಿತ್ತು.

ಮೊಘಲರ ಉದ್ಯಾನದ ನಹರ್, ಅಂದರೆ ಕಾಲುವೆ, ಬೇರೆಯದೇ ಮನೆತನ. ಅದು ಪರ್ಷಿಯಾದ ಕಿರುಗಾಲುವೆಯ ಸಂತಾನ. ಜಹಾಂಗೀರ್ 1619ರಲ್ಲಿ ಕಾಶ್ಮೀರದಲ್ಲಿ ಆರಂಭಿಸಿದ ಶಾಲಿಮಾರ್‌ನಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಕೆತ್ತಿದ ಕಲ್ಲಿನ ಇಳುಕಲಿನ ಮೇಲೆ ನೊರೆಯಾಗುತ್ತದೆ, ಸದ್ದು ಮಾಡುತ್ತದೆ. ದಿಲ್ಲಿಯ ಕೆಂಪುಕೋಟೆಯಲ್ಲಿ 'ಸ್ವರ್ಗದ ನಹರ್' ಅರಮನೆಯ ಕೋಣೆಗಳ ನಡುವೆಯೇ ಹರಿಯುತ್ತಿತ್ತು. ಅಲ್ಲಿ ಆಸೆ ತಂಪಿನದು, ದನಿಯದು, ಫ್ರಾನ್ಸಿನಲ್ಲಿ ದೂರದ್ದು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ರೂಪಿಸಿದರಷ್ಟೆ. ಅದರ ಇಳಿನೀರಿಗೂ ಶಾಲಿಮಾರೇ ಮಾದರಿ. ನಮಗೆ ಉದ್ಯಾನದ ಕಾಲುವೆ ಎಂದೊಡನೆ ಹರಿವ ನೀರೇ ನೆನಪಾಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನು 'ಆರ್ನಮೆಂಟಲ್' ಎಂಬ ವಿಶೇಷಣದ ಮಾತು. 17ನೇ ಶತಮಾನದ ಇಂಗ್ಲಿಷರು ಸೇಂಟ್ ಜೇಮ್ಸ್ ಪಾರ್ಕಿನ ನೀರನ್ನು ಬರಿದೇ 'ಕೆನಾಲ್' ಎನ್ನುತ್ತಿದ್ದರು, ವಿಶೇಷಣ ಬೇಕಿರಲಿಲ್ಲ. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆಯ ಮೂಲಕ ವರ್ಸ್ಲಿ ಗಣಿಯ ಕಲ್ಲಿದ್ದಲು ದೋಣಿಗಳಲ್ಲಿ ಮ್ಯಾಂಚೆಸ್ಟರಿನ ಕಡೆ ಹೊರಟಿತು. ಆಮೇಲಿನ ದಶಕಗಳಲ್ಲಿ ಇಂಗ್ಲೆಂಡಿನ ತುಂಬ ಸರಕು ಕಾಲುವೆಗಳು. ಅದೇ ಕಾಲಕ್ಕೆ ತೋಟಗಳಲ್ಲಿ ನೇರ ಗೆರೆಯ ಮೇಲೆ ಜನರ ಮನಸ್ಸು ಮುರಿದಿತ್ತು. ಬ್ಲೆನಿಮ್ ಅರಮನೆಯ ಮುಂದಿದ್ದ ಕಾಲುವೆಗಳನ್ನು ಉದ್ಯಾನ ವಿನ್ಯಾಸಕಾರ ಕೆಪೆಬಿಲಿಟಿ ಬ್ರೌನ್ 1760ರ ದಶಕದಲ್ಲಿ ಗ್ಲೈಮ್ ಹೊಳೆಗೆ ಕಟ್ಟೆ ಕಟ್ಟಿ, ಬಳುಕುವ ದಡದ ಕೆರೆಯೊಳಗೆ ಮುಳುಗಿಸಿದ. ಸೇಂಟ್ ಜೇಮ್ಸ್ ಪಾರ್ಕಿನ ಕಾಲುವೆಯ ಅಂಚುಗಳನ್ನು 1820ರ ದಶಕದಲ್ಲಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ಡೊಂಕು ಮಾಡಿದ. ಪದ ಕಲ್ಲಿದ್ದಲಿನ ಜೊತೆ ಹೊರಟುಹೋಯಿತು. ತೋಟದಲ್ಲಿ ಉಳಿದ ಕೆಲವಕ್ಕೆ ಗುರುತಿಗೆಂದು ವಿಶೇಷಣ ಅಂಟಿಕೊಂಡಿತು.

ಹಾಗೆ ಉಳಿದದ್ದರಲ್ಲಿ ಒಂದು ಇಂಗ್ಲೆಂಡಿನ ಸೆವರ್ನ್ ನದಿಯ ಹತ್ತಿರದ ವೆಸ್ಟ್‌ಬರಿ ಕೋರ್ಟ್. ಮೇನಾರ್ಡ್ ಕೋಲ್ಚೆಸ್ಟರ್ ಎಂಬಾತ 1696ರಿಂದ 1705ರ ನಡುವೆ ಡಚ್ ಬಗೆಯಲ್ಲಿ ಮಾಡಿಸಿದ ತೋಟ. ನೇರ ಕಾಲುವೆ, ಎರಡೂ ಬದಿ ಕತ್ತರಿಸಿದ ಯೂ ಮರದ ಬೇಲಿ, ತುದಿಯಲ್ಲಿ ಎತ್ತರದ ಕಿಟಕಿಗಳ ಒಂದು ಮಂಟಪ. ಮುಂದಿನವರು ಇದನ್ನು ಹೊಸ ಬಗೆಗೆ ಬದಲಿಸಲು ಹೋಗಲಿಲ್ಲ. 1967ರಲ್ಲಿ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಗೆ ಬರುವ ಹೊತ್ತಿಗೆ ಕಾಲುವೆಯಲ್ಲಿ ಹೂಳು ತುಂಬಿತ್ತು, ನೆಲ ತನ್ನ ಹಳೆಯ ಜೌಗಿನ ಗುಣಕ್ಕೆ ತಿರುಗುತ್ತಿತ್ತು. ಗಿಡ ಕೊಂಡ ಲೆಕ್ಕ ಬರೆದಿಟ್ಟ ಮನೆಯ ಪುಸ್ತಕ ಉಳಿದಿತ್ತು, ತೋಟದ ಹಳೆಯ ಚಿತ್ರವೊಂದು ಉಳಿದಿತ್ತು. ಅವನ್ನಿಟ್ಟುಕೊಂಡು ಹೂಳು ತೆಗೆದರು, ಅಂಚು ಕಟ್ಟಿದರು, ಯೂ ನೆಟ್ಟರು. ಈಗ ಮಂಟಪದ ನೆರಳು ಮತ್ತೆ ಕಾಲುವೆಯ ನೀರಿಗೆ ಬೀಳುತ್ತದೆ.