ಒಂದು ಡಾಲರ್ ಕೆಲಸ ದೇಶ ದಾಟಿದರೆ: ಆಫ್‌ಶೋರಿಂಗ್ ಬಗ್ಗೆ ಟಿಪ್ಪಣಿ

ಮೊದಲು ಎರಡು ಪದಗಳ ಗಂಟು ಬಿಡಿಸೋಣ. ನಾನೇ ಬಹಳ ದಿನ ಇವೆರಡೂ ಒಂದೇ ಅಂದುಕೊಂಡಿದ್ದೆ. ಔಟ್‌ಸೋರ್ಸಿಂಗ್ ಅಂದರೆ ಕೆಲಸವನ್ನು ಬೇರೆ ಕಂಪನಿಗೆ ಒಪ್ಪಿಸುವುದು. ಆ ಕಂಪನಿ ಪಕ್ಕದ ಕಟ್ಟಡದಲ್ಲೇ ಇರಬಹುದು. ಆಫ್‌ಶೋರಿಂಗ್ ಅಂದರೆ ಕೆಲಸ ದೇಶ ದಾಟುವುದು. ಕಂಪನಿ ಅದೇ ಇರಬಹುದು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನದೇ ಕೇಂದ್ರ ತೆರೆಯಿತು. ಅದು ಆಫ್‌ಶೋರಿಂಗ್ ಹೌದು, ಔಟ್‌ಸೋರ್ಸಿಂಗ್ ಅಲ್ಲ. ಈ ಟಿಪ್ಪಣಿಯಲ್ಲಿ ಅಮೆರಿಕದ ಉದಾಹರಣೆಯನ್ನೇ ಹಿಡಿದಿದ್ದೇನೆ, ಯಾಕಂದರೆ ಈ ವಿಷಯದಲ್ಲಿ ದೊಡ್ಡ ಜಗಳ ನಡೆದದ್ದು ಅಲ್ಲಿ.

ಕೆಲಸ ಯಾಕೆ ಹೋಯಿತು ಅನ್ನುವುದು ಸುಲಭ. ಸಂಬಳದ ಅಂತರ ಮೊದಲಿನಿಂದಲೂ ಇತ್ತು. 1990ರ ದಶಕದ ಕೊನೆಗೆ ಸಮುದ್ರದಡಿಯ ಫೈಬರ್ ಕೇಬಲ್‌ಗಳು ಹೆಚ್ಚಾದವು, ಡೇಟಾ ಕಳಿಸುವ ಖರ್ಚು ಇಳಿಯಿತು. ಅದೇ ಹೊತ್ತಿಗೆ ವೈ2ಕೆ ಬಂತು, ಅಂದರೆ 2000ನೇ ಇಸವಿಯನ್ನು ಕಂಪ್ಯೂಟರ್‌ಗಳು 1900 ಎಂದು ಓದಬಹುದು ಎಂಬ ತೊಂದರೆ. ಹಳೆಯ ಪ್ರೋಗ್ರಾಂಗಳಲ್ಲಿ ಇಸವಿಗೆ ಎರಡೇ ಅಂಕಿ ಇದ್ದವಲ್ಲ, ಅವನ್ನು ಸಾಲು ಸಾಲಾಗಿ ನೋಡಿ ತಿದ್ದಲು ತುಂಬಾ ಜನ ಬೇಕಾದರು. ಭಾರತದ ಕಂಪನಿಗಳ ಮೇಲೆ ನಂಬಿಕೆ ಕುದುರಿದ್ದು ಈ ಬೇಸರದ ಕೆಲಸದಲ್ಲಿ.

ಈಗ ಸಿದ್ಧಾಂತ. 1817ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಹೇಳಿದ ತುಲನಾತ್ಮಕ ವೆಚ್ಚದ ಪಾಠ, ಅಂದರೆ ಪ್ರತಿ ದೇಶವೂ ತನಗೆ ಹೋಲಿಕೆಯಲ್ಲಿ ಅಗ್ಗವಾಗಿ ಬರುವುದನ್ನು ಮಾಡಿ ಉಳಿದದ್ದನ್ನು ಕೊಳ್ಳಲಿ ಎಂಬುದು, ಹೀಗಿದೆ: ಇಂಗ್ಲೆಂಡ್ ಬಟ್ಟೆ ಮಾಡಲಿ, ಪೋರ್ಚುಗಲ್ ವೈನ್ ಮಾಡಲಿ, ಇಬ್ಬರಿಗೂ ಲಾಭ. 2004ರ ಫೆಬ್ರವರಿಯಲ್ಲಿ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಗ್ರೆಗರಿ ಮ್ಯಾಂಕ್ಯೂ ಇದೇ ಪಾಠವನ್ನು ಸಾಫ್ಟ್‌ವೇರ್ ಕೆಲಸಕ್ಕೆ ಅನ್ವಯಿಸಿ, ದೂರದ ಲೆಕ್ಕದಲ್ಲಿ ಇದು ದೇಶಕ್ಕೆ ಒಳ್ಳೆಯದೇ ಆಗಬಹುದು ಅಂದರು. ಚುನಾವಣೆಯ ವರ್ಷ ಬೇರೆ. ಅವರ ಸ್ವಂತ ಪಕ್ಷದ ಸ್ಪೀಕರೇ ತಿರುಗಿಬಿದ್ದರು.

ಹಾಗಾದರೆ ಲಾಭ ಎಷ್ಟು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಂಪನಿಗಳಿಗೆ ಸಲಹೆ ಕೊಡುವ ಮೆಕಿನ್ಸಿ ಸಂಸ್ಥೆ 2003ರಲ್ಲಿ ಒಂದು ಲೆಕ್ಕ ಕೊಟ್ಟಿತು. ಅಮೆರಿಕದಲ್ಲಿ ಖರ್ಚಾಗುತ್ತಿದ್ದ 1 ಡಾಲರ್ ಕೆಲಸ ಭಾರತಕ್ಕೆ ಹೋದರೆ, ಅಮೆರಿಕಕ್ಕೆ 1.12ರಿಂದ 1.14 ಡಾಲರ್ ವಾಪಸ್ ಬರುತ್ತದೆ, ಭಾರತಕ್ಕೆ 33 ಸೆಂಟ್ ಸಿಗುತ್ತದೆ. ಪತ್ರಿಕೆಗಳು ಎತ್ತಿ ಹೇಳಿದ್ದು ಈ ಒಟ್ಟು ಮೊತ್ತವನ್ನು. ಒಡೆದು ನೋಡಿದರೆ ಕಥೆ ಬೇರೆ. 58 ಸೆಂಟ್ ಕಂಪನಿಗೆ ಆದ ಉಳಿತಾಯ. 5 ಸೆಂಟ್ ಭಾರತ ಹೊಸದಾಗಿ ಕೊಳ್ಳುವ ಅಮೆರಿಕದ ಸರಕು. 4 ಸೆಂಟ್ ಭಾರತದಲ್ಲಿರುವ ಅಮೆರಿಕದ ಕಂಪನಿಗಳ ಘಟಕಗಳಿಂದ ವಾಪಸ್ ಬರುವ ಲಾಭ. ಕೂಡಿದರೆ 67 ಸೆಂಟ್. ಅಂದರೆ ಒಂದು ಡಾಲರ್ ಹೋಗಿ ಮೂರನೇ ಎರಡು ಭಾಗ ಮಾತ್ರ ಬಂದಿದೆ!

ಉಳಿದ 45ರಿಂದ 47 ಸೆಂಟ್ ಎಲ್ಲಿಂದ? ಕೆಲಸ ಕಳೆದುಕೊಂಡವರು ಬೇರೆ ಕೆಲಸ ಹಿಡಿದು ದುಡಿಯುತ್ತಾರೆ ಎಂಬ ಊಹೆಯಿಂದ. ನೆನಪಿಡಬೇಕಾದ ಜಾಗ ಇದು. ಲಾಭವೋ ನಷ್ಟವೋ ಅನ್ನುವುದು ಭಾರತದಲ್ಲಿ ತೀರ್ಮಾನ ಆಗುವುದಿಲ್ಲ. ಕೆಲಸ ಹೋದ ಮನುಷ್ಯನಿಗೆ ಎಷ್ಟು ಬೇಗ, ಎಂಥ ಕೆಲಸ ಸಿಕ್ಕಿತು ಅನ್ನುವುದರ ಮೇಲೆ ನಿಂತಿದೆ. ಹಳೆಯ ಅಂಕಿಅಂಶ ನೋಡಿ ಮೆಕಿನ್ಸಿ ಇಟ್ಟುಕೊಂಡ, ಮತ್ತೆ ಕೆಲಸ ಸಿಗುವವರ ದರ 69%. ಅವರ ಸರಾಸರಿ ಸಂಬಳ ಹಳೆಯದರ 96.2%. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಸರಾಸರಿಯ ಒಳಗೆ ಎಲ್ಲರೂ ಅಡಗಿಬಿಡುತ್ತಾರೆ. ಮತ್ತೆ ಕೆಲಸ ಸಿಕ್ಕವರಲ್ಲಿ ಸುಮಾರು ಕಾಲು ಭಾಗದವರ ಸಂಬಳ 30% ಅಥವಾ ಅದಕ್ಕಿಂತ ಜಾಸ್ತಿ ಇಳಿದಿತ್ತು. ಇನ್ನು ಉಳಿದ 31% ಜನರಂತೂ ಆ ಸರಾಸರಿಯಲ್ಲೇ ಇಲ್ಲ. ಉಳಿತಾಯದ 58 ಸೆಂಟ್ ಷೇರುದಾರರಿಗೂ ಗ್ರಾಹಕರಿಗೂ ಚಿಲ್ಲರೆ ಚಿಲ್ಲರೆಯಾಗಿ ಹಂಚಿಹೋಗುತ್ತದೆ. ನಷ್ಟ ಮಾತ್ರ ಇಡಿಯಾಗಿ ಒಂದೇ ಮನೆಗೆ ಬೀಳುತ್ತದೆ.

ಆ ನಷ್ಟ ಹೇಗಿರುತ್ತದೆ ಅನ್ನಲು ಕೆಟಿ, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್, ಒಂದು ಕಿಟಕಿ. ಕೆಲಸ ಹೋಗಲಿರುವ ಪ್ರೋಗ್ರಾಮರ್ ಕೆಲವು ವಾರ ತನ್ನ ಸ್ಕ್ರೀನ್ ಶೇರ್ ಮಾಡಿ ಕೂರುತ್ತಾನೆ. ಈ ಪ್ರೋಗ್ರಾಂ ರಾತ್ರಿ ಯಾಕೆ ನಿಲ್ಲುತ್ತದೆ, ಈ ಡೇಟಾ ಟೇಬಲ್ ಯಾಕೆ ಮುಟ್ಟಬಾರದು ಎಂದು ಒಂದೊಂದೇ ಹೇಳಿಕೊಡುತ್ತಾನೆ. ಆ ಕಡೆಯಿಂದ ಹೊಸಬರು ಬರೆದುಕೊಳ್ಳುತ್ತಾರೆ, ಕಾಲ್ ರೆಕಾರ್ಡ್ ಆಗುತ್ತದೆ. ಹೇಳಿಕೊಡದಿದ್ದರೆ ಬಿಡುವಾಗ ಸಿಗಬೇಕಾದ ಹಣ ಸಿಗುವುದಿಲ್ಲ ಎಂಬ ಷರತ್ತೂ ಅನೇಕ ಕಡೆ ಇರುತ್ತದೆ. ಇನ್ನೊಂದು ವಿಷಯ: ಹತ್ತು ವರ್ಷದಲ್ಲಿ ಕಲಿತದ್ದರಲ್ಲಿ ದೊಡ್ಡ ಪಾಲು ಆ ಒಂದು ಕಂಪನಿಯ ಸಿಸ್ಟಂಗೇ ಸೇರಿದ್ದು. ಹೊರಗೆ ಬಂದರೆ ಅದಕ್ಕೆ ಬೆಲೆ ಇಲ್ಲ. ಸಂಬಳ ಇಳಿಯಲು ಇದೂ ಒಂದು ಕಾರಣ.

ಯಾವ ಕೆಲಸ ಹೋಗುತ್ತದೆ? ಕಡಿಮೆ ಓದಿದವರದು ಎಂಬ ಉತ್ತರ ತಪ್ಪು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆಲನ್ ಬ್ಲೈಂಡರ್ 2006ರಲ್ಲಿ ಬೇರೆ ಗೆರೆ ಎಳೆದರು: ತಂತಿಯ ಮೂಲಕ ಗುಣ ಕೆಡದೆ ಕಳಿಸಬಹುದಾದ ಕೆಲಸ, ಎದುರಿಗೆ ನಿಂತೇ ಮಾಡಬೇಕಾದ ಕೆಲಸ. ಈ ಗೆರೆಯಲ್ಲಿ ಪ್ಲಂಬರ್ ಸುರಕ್ಷಿತ, ಪ್ರೋಗ್ರಾಮರ್ ಅಲ್ಲ. ಎಕ್ಸ್‌ರೇ ಓದುವ ವೈದ್ಯರೂ ಅಲ್ಲ. ಅಮೆರಿಕದ 22ರಿಂದ 29% ಕೆಲಸ ಹೀಗೆ ಹೋಗಬಹುದಾದವು ಎಂದು ಅವರು ಮರುವರ್ಷ ಅಂದಾಜಿಸಿದರು. ಹೋಗಬಹುದು ಅಂದದ್ದು, ಹೋಗುತ್ತದೆ ಅಂದದ್ದಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇಲ್ಲಿ ಎಡವಬೇಡಿ. ಹೋಗದೆ ಉಳಿದ ಕೆಲಸಕ್ಕೂ ಪೆಟ್ಟು ಬೀಳುತ್ತದೆ. ಕೆಲಸ ಹೋಗಬಹುದು ಎಂಬ ಭಯ ಇರುವವರು ಸಂಬಳ ಜಾಸ್ತಿ ಕೇಳುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ ಎತ್ತಿದ ತಕರಾರು ಇನ್ನೂ ಆಳದ್ದು. 2004ರಲ್ಲಿ, 89ರ ವಯಸ್ಸಿನಲ್ಲಿ, ಅವರು ರಿಕಾರ್ಡೊ ಮಾದರಿಯನ್ನೇ ತೆಗೆದುಕೊಂಡು ಒಂದು ಪ್ರಶ್ನೆ ಕೇಳಿದರು. ನಾವು ರಫ್ತು ಮಾಡುತ್ತಿದ್ದ ವಸ್ತುವನ್ನೇ ಎದುರಿನ ದೇಶ ಚೆನ್ನಾಗಿ ಮಾಡಲು ಕಲಿತರೆ? ಆಗ ನಮ್ಮ ರಫ್ತಿನ ಬೆಲೆ ಬೀಳುತ್ತದೆ, ಇಡೀ ದೇಶದ ಆದಾಯವೇ ಶಾಶ್ವತವಾಗಿ ತಗ್ಗಬಹುದು. ವ್ಯಾಪಾರ ನಿಲ್ಲಿಸಿ ಅಂತ ಅವರು ಹೇಳಲಿಲ್ಲ. ಗೆದ್ದವರ ಲಾಭ ಸೋತವರ ನಷ್ಟಕ್ಕಿಂತ ಯಾವಾಗಲೂ ಜಾಸ್ತಿ ಅಂತ ಕಣ್ಣು ಮುಚ್ಚಿ ಹೇಳಬೇಡಿ ಅಂದರು.

ಕೆಲಸ ಬಂದ ದೇಶದ 33 ಸೆಂಟ್ ಬಗ್ಗೆ ಎರಡೇ ಮಾತು. ಮೆಕಿನ್ಸಿ ಲೆಕ್ಕದಲ್ಲಿ ಅದರಲ್ಲಿ ಸಂಬಳಕ್ಕೆ ಹೋಗುವುದು 10 ಸೆಂಟ್ ಮಾತ್ರ. ಉಳಿದದ್ದು ಕಂಪನಿಗಳ ಲಾಭ, ಸರಬರಾಜುದಾರರು ಮತ್ತು ತೆರಿಗೆ.

ಕೊನೆಗೆ, ನಷ್ಟ ಆದವರಿಗೆ ಸರ್ಕಾರ ಏನು ಕೊಟ್ಟಿತು? ಆಮದಿನಿಂದ ಕೆಲಸ ಹೋದವರಿಗಾಗಿ ಅಮೆರಿಕದಲ್ಲಿ 1962ರಿಂದಲೇ ಒಂದು ಯೋಜನೆ ಇತ್ತು, ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಅಂತ. ತರಬೇತಿ ಕೊಡುತ್ತಿತ್ತು, ಭತ್ಯೆಯೂ ಸಿಗುತ್ತಿತ್ತು. ಆದರೆ ಅರ್ಜಿ ಹಾಕಿದವರು ಒಂದು ‘ವಸ್ತು’ ತಯಾರಿಸುತ್ತಿರಬೇಕು ಎಂಬ ನಿಯಮ. ಸಾಫ್ಟ್‌ವೇರ್ ಡಿಸ್ಕ್‌ನಂಥ ಮುಟ್ಟಬಹುದಾದ ರೂಪದಲ್ಲಿ ಇರದಿದ್ದರೆ ವಸ್ತುವೇ ಅಲ್ಲ ಎಂದು ಕಾರ್ಮಿಕ ಇಲಾಖೆ ವಾದಿಸುತ್ತಿತ್ತು. ಪ್ರೋಗ್ರಾಮರ್‌ಗಳು ಕೋರ್ಟಿಗೆ ಹೋದರು. 2006ರಲ್ಲಿ ಇಲಾಖೆ ಆ ನಿಲುವು ಬಿಟ್ಟಿತು, 2009ರಲ್ಲಿ ಸೇವಾ ವಲಯದವರನ್ನೂ ಕಾನೂನಿಗೆ ಸೇರಿಸಿದರು. 2022ರ ಜುಲೈ 1ರಿಂದ ಯೋಜನೆಯ ಅವಧಿಯೇ ಮುಗಿದು, ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿತು.