ಲಾಬಿ: ಅಮೆರಿಕದಲ್ಲಿ ಈ ಪದಕ್ಕೆ ಏನರ್ಥ?

‘ಸಚಿವ ಸ್ಥಾನಕ್ಕೆ ಲಾಬಿ’ ಎಂದು ನಮ್ಮ ಪತ್ರಿಕೆಗಳು ಬರೆದಾಗ ಕಣ್ಣ ಮುಂದೆ ಬರುವುದು ಹೈಕಮಾಂಡ್ ಮನೆ ಬಾಗಿಲು. ಅಮೆರಿಕದಲ್ಲಿ ಲಾಬಿ ಎಂದರೆ ಸಂಸದರ, ಅಧಿಕಾರಿಗಳ ಮನವೊಲಿಸಲು ನೋಂದಣಿ ಮಾಡಿಸಿ, ಲೆಕ್ಕ ಒಪ್ಪಿಸಿ ನಡೆಸುವ ವೃತ್ತಿ. ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ ಮೊದಲ ತಿದ್ದುಪಡಿಯೇ ಕಾಯುವುದರಿಂದ ಅದನ್ನು ನಿಷೇಧಿಸುವಂತಿಲ್ಲ. ಹಾಗಾಗಿ ಕಾನೂನು ಮುಖ್ಯವಾಗಿ ಅದನ್ನು ಬಯಲಿಗೆ ತರಲು ನೋಡುತ್ತದೆ.

ಲಾಬಿಗಾರರನ್ನು ನೇಮಿಸುವುದು ಕಂಪನಿಗಳು ಮತ್ತು ಹಿತಾಸಕ್ತಿ ಗುಂಪುಗಳು: ಹಿರಿಯ ನಾಗರಿಕರ ಎಎಆರ್‌ಪಿ, ಬಂದೂಕು ಹಕ್ಕಿನ ಎನ್‌ಆರ್‌ಎ, ಉದ್ಯಮಗಳ ಚೇಂಬರ್ ಆಫ್ ಕಾಮರ್ಸ್ ಇಂಥವು. ಲಂಚ ಕೊಡುವುದು ಅಲ್ಲೂ ಅಪರಾಧವೇ. ಲಾಬಿಗಾರನ ನಿಜವಾದ ಬಲ ಮಾಹಿತಿ. ಹತ್ತಾರು ವಿಷಯ ಹೊತ್ತ ಸಂಸದರ ಸಿಬ್ಬಂದಿಗೆ ಅವನು ಮಸೂದೆಗೆ ತರಬೇಕಾದ ತಿದ್ದುಪಡಿಯ ಕರಡನ್ನು, ಕ್ಷೇತ್ರದಲ್ಲಿ ಎಷ್ಟು ಕೆಲಸ ಹೋಗುತ್ತದೆಂಬ ಲೆಕ್ಕವನ್ನು ಸಿದ್ಧಪಡಿಸಿಯೇ ಕೊಡುತ್ತಾನೆ. ಚುನಾವಣಾ ದೇಣಿಗೆಯ ದಾರಿ ಬೇರೆ. ಅದಕ್ಕೆ ಪಿಎಸಿ ಎಂಬ ಸಮಿತಿಗಳಿವೆ. ಹಲವು ಅಭ್ಯರ್ಥಿಗಳಿಗೆ ದೇಣಿಗೆ ಕೊಡುವ ಪಿಎಸಿಗಳಿಗೆ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್ ಮಿತಿ.

1995ರ ಲಾಬಿ ಬಹಿರಂಗ ಕಾಯ್ದೆಯಂತೆ, ನೇಮಕವಾದ 45 ದಿನದೊಳಗೆ ನೋಂದಣಿ ಆಗಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಎಲ್‌ಡಿ-2 ಎಂಬ ವರದಿಯ ನಮೂನೆ. ಅದರಲ್ಲಿ ಕಕ್ಷಿದಾರ ಯಾರು, ಯಾವ ಮಸೂದೆ, ಸೆನೆಟ್ಟೋ ಕೆಳಮನೆಯೋ ಯಾವ ಇಲಾಖೆಯೋ, ಕೆಲಸ ಮಾಡಿದ ಲಾಬಿಗಾರರ ಹೆಸರು, ಸುಮಾರು ಹಣ ಎಷ್ಟು ಎಂದು ತುಂಬಬೇಕು. ಯಾವ ಸಂಸದನನ್ನು ಕಂಡಿರಿ, ಮಸೂದೆಯ ಪರವೋ ವಿರುದ್ಧವೋ ಎಂದು ಮಾತ್ರ ಅದು ಕೇಳುವುದಿಲ್ಲ! ಓದುಗನಿಗೆ ಬೇಕಾದದ್ದೇ ಅಲ್ಲಿಲ್ಲ.

ಇದಕ್ಕಿಂತ ದೊಡ್ಡ ತೂತು ಶೇ. 20ರ ನಿಯಮ. ಮೂರು ತಿಂಗಳಲ್ಲಿ ಒಬ್ಬ ಕಕ್ಷಿದಾರನಿಗೆ ಕೊಟ್ಟ ಸಮಯದಲ್ಲಿ ಲಾಬಿಯ ಪಾಲು ಶೇ. 20ಕ್ಕಿಂತ ಕಡಿಮೆಯಿದ್ದರೆ ಆ ಕೆಲಸ ಮಾಡಿದವನು ಕಾನೂನಿನ ಕಣ್ಣಿಗೆ ಲಾಬಿಗಾರನೇ ಅಲ್ಲ. ವಾರಕ್ಕೆ ಐದು ದಿನ ದುಡಿಯುವವನಿಗೆ ಅದು ಒಂದು ದಿನದ ಕೆಲಸ. ಮಾಜಿ ಸೆನೆಟರ್ ಎರಡು ವರ್ಷ, ಕೆಳಮನೆಯ ಮಾಜಿ ಸದಸ್ಯ ಒಂದು ವರ್ಷ ಸಂಸತ್ತಿನಲ್ಲಿ ಲಾಬಿ ಮಾಡುವಂತಿಲ್ಲ. ಆದರೆ ತೆರೆಮರೆಯಲ್ಲಿ ಕೂತು ಯಾರನ್ನು ಕಾಣಬೇಕು, ಏನು ಹೇಳಬೇಕು ಎಂದು ‘ಸಲಹೆಗಾರ’ನಾಗಿ ಹೇಳಿಕೊಡಲು ಅಡ್ಡಿಯಿಲ್ಲ. ಪ್ರಭಾವ ಹೆಚ್ಚಿದ್ದವನ ಹೆಸರೇ ಕಡತದಿಂದ ತಪ್ಪಿಹೋಗುವುದು ಹೀಗೆ. ಈ ಶೇ. 20ರ ನಿಯಮ ಬದಲಾಗಲೇಬೇಕು.

ಸಲ್ಲಿಕೆಯಾದ ವರದಿಗಳನ್ನು ಸೆನೆಟ್‌ನ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಎಚ್-1ಬಿ ವೀಸಾ ಕುರಿತು ಯಾರು ದುಡ್ಡು ಸುರಿದಿದ್ದಾರೆಂದು ತಿಳಿಯಬೇಕಾದರೆ, ವಲಸೆಯ ಸಂಕೇತವಾದ ‘ಐಎಂಎಂ’ ಆಯ್ದು ಹುಡುಕಿ.